ಮಳೆಗಾಲದಲ್ಲಿ ಕೆಂಪಾಗುವ ಬ್ರೇಕ್ ಡಿಸ್ಕ್: ಹೆದರಬೇಕಾದ್ದು ಯಾವಾಗ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದಿದ್ದು ಒಂದೇ ವಿಷಯ, ಬ್ರೇಕ್ ಡಿಸ್ಕಿನ, ಅಂದರೆ ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಯ ತುಕ್ಕು. ಕರಾವಳಿಯಿಂದ, ಮಲೆನಾಡಿನಿಂದ, ಬೆಂಗಳೂರಿನ ಬೇಸ್‌ಮೆಂಟುಗಳಿಂದ ಕೂಡ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: ಸರ್, ಏಪ್ರಿಲ್‌ನಲ್ಲಿ ಹೊಸ ಕಾರು ತಗೊಂಡೆವು. ಮೊನ್ನೆ ರಾತ್ರಿಯಿಡೀ ಮಳೆ. ಬೆಳಿಗ್ಗೆ ನೋಡಿದರೆ ಮುಂದಿನ ಎರಡೂ ಚಕ್ರದ ಡಿಸ್ಕ್ ಕೇಸರಿ ಬಣ್ಣಕ್ಕೆ ತಿರುಗಿದೆ. ಗೇಟಿನಿಂದ ಹೊರಗೆ ತೆಗೆಯುವಾಗ ಬ್ರೇಕ್ ಒತ್ತಿದರೆ ಕರಕರ ಶಬ್ದ. ಪಕ್ಕದಲ್ಲೇ ಇದ್ದ ಮಗನ ಬೈಕಿನ ಡಿಸ್ಕ್ ಮಾತ್ರ ಫಳಫಳ ಅಂತಿದೆ. ನಮಗೆ ಕಳಪೆ ಮಾಲು ಹಾಕಿ ಕೊಟ್ಟಿದ್ದಾರಾ? ಬದಲಿಸಿ ಕೊಡಿ ಅಂತ ಕೇಳಬಹುದಾ?
(ಸುರತ್ಕಲ್‌ನ ಓದುಗರು)

ಉತ್ತರ: ಕಳಪೆ ಅಲ್ಲ. ಐದು ಲಕ್ಷದ ಕಾರಾಗಲಿ ಐವತ್ತು ಲಕ್ಷದ ಕಾರಾಗಲಿ, ಡಿಸ್ಕ್ ಹೆಚ್ಚುಕಡಿಮೆ ಒಂದೇ ಲೋಹದ್ದು. ಬೀಡು ಕಬ್ಬಿಣ, ಅಂದರೆ ಕಾಸ್ಟ್ ಐರನ್. ಅದರಲ್ಲಿ ಶೇಕಡಾ 3ರಿಂದ 3.5ರಷ್ಟು ಕಾರ್ಬನ್ ಇರುತ್ತದೆ, ಅದರ ಬಹುಪಾಲು ಸಣ್ಣ ಸಣ್ಣ ಗ್ರಾಫೈಟ್ ಚಕ್ಕೆಗಳಾಗಿ ಕಬ್ಬಿಣದೊಳಗೆ ಹರಡಿಕೊಂಡಿರುತ್ತದೆ. ಈ ಚಕ್ಕೆಗಳಿಂದಲೇ ಬೀಡು ಬಿಸಿಯನ್ನು ಬೇಗ ಹರಡಿ ಬಿಡುತ್ತದೆ, ನಡುಕವನ್ನೂ ನುಂಗುತ್ತದೆ. ಬೆಲೆಯೂ ಕಡಿಮೆ. ಬ್ರೇಕಿಗೆ ಇದಕ್ಕಿಂತ ಬೇಕಾದ್ದು ಇನ್ನೇನು? ಒಂದೇ ಕೊರತೆ ಅಂದರೆ ನೀರು ತಾಗಿದರೆ ಬೇಗ ತುಕ್ಕು ಹಿಡಿಯುತ್ತದೆ. ಬ್ರೇಕ್ ಒತ್ತಿದಾಗ ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಪ್ಯಾಡ್ ಉಜ್ಜುವ ಜಾಗಕ್ಕೆ ಪೇಂಟ್ ಹೊಡೆಯುವ ಹಾಗಿಲ್ಲ, ಎಣ್ಣೆ ಹಚ್ಚುವ ಹಾಗಂತೂ ಇಲ್ಲವೇ ಇಲ್ಲ. ಬರೀ ಲೋಹ ಗಾಳಿಗೆ, ಮಳೆಗೆ ತೆರೆದುಕೊಂಡಿರುತ್ತದೆ. ಹಾಗಾಗಿ ಕೆಲವೇ ಗಂಟೆಗಳಲ್ಲಿ ಕೆಂಪು ಪದರ ಕೂರುತ್ತದೆ. ನಿಮ್ಮದು ಸಮುದ್ರದ ದಡ ಬೇರೆ. ಗಾಳಿಯಲ್ಲಿ ಉಪ್ಪು ಇದ್ದೇ ಇರುತ್ತದೆ, ಆ ಉಪ್ಪು ತೇವವನ್ನು ಹಿಡಿದಿಟ್ಟುಕೊಂಡು ತುಕ್ಕಿನ ಕೆಲಸವನ್ನು ಇನ್ನೂ ಜೋರು ಮಾಡುತ್ತದೆ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಗಾಳಿ ಜೋರಿರುವ ದಿನ ಅಲ್ಲಿ ಸ್ವಲ್ಪ ಹೊತ್ತು ಕಾರು ನಿಲ್ಲಿಸಿ ಗಾಜಿನ ಮೇಲೆ ಬೆರಳು ಎಳೆದರೆ ಅಂಟು ಅಂಟಾಗಿ ಬರುತ್ತದಲ್ವಾ, ಅದೇ ಡಿಸ್ಕಿನ ಮೇಲೂ ಕೂರುವುದು.

ಬೈಕಿನದು ಸ್ಟೇನ್‌ಲೆಸ್ ಸ್ಟೀಲ್ ಡಿಸ್ಕ್. ಅದಕ್ಕೇ ಹೊಳೆಯುತ್ತಿದೆ. ಬೈಕಿನ ತೂಕ ಕಡಿಮೆ, ಡಿಸ್ಕ್ ಪೂರ್ತಿ ಗಾಳಿಗೆ ತೆರೆದಿರುತ್ತದೆ, ಅದಕ್ಕೆ ಅಷ್ಟು ಸಾಕು. ಒಂದು ಟನ್ನಿಗಿಂತ ಜಾಸ್ತಿ ತೂಕದ ಕಾರನ್ನು ಘಾಟಿಯಲ್ಲಿ ಇಳಿಸುವಾಗ ಹುಟ್ಟುವ ಬಿಸಿಯನ್ನು ಬೀಡಿನಷ್ಟು ಬೇಗ ಹೊರಗೆ ಹಾಕಲು ಸ್ಟೇನ್‌ಲೆಸ್‌ಗೆ ಆಗುವುದಿಲ್ಲ.

ನೀವು ಮಾಡಬೇಕಾದ್ದು ಇಷ್ಟೇ. ಗೇಟು ದಾಟಿದ ಮೇಲೆ ನಿಧಾನವಾಗಿ ಹೋಗುತ್ತಾ ನಾಲ್ಕೈದು ಸಲ ಬ್ರೇಕ್ ಒತ್ತಿ. ಪ್ಯಾಡುಗಳೇ ಆ ಪದರವನ್ನು ಕೆರೆದು ತೆಗೆಯುತ್ತವೆ. ಮೊದಲ ಒಂದೆರಡು ಸಲ ಕರಕರ ಅನ್ನುತ್ತದೆ, ಬ್ರೇಕ್ ಕೂಡ ಸ್ವಲ್ಪ ಒರಟಾಗಿ ಹಿಡಿಯಬಹುದು. ಆಮೇಲೆ ಎರಡೂ ಹೋಗುತ್ತವೆ. ಅಂಥ ದಿನ ಮನೆಯಿಂದ ಹೊರಟ ತಕ್ಷಣ ಮುಂದಿನ ವಾಹನದ ಬಾಲ ಹಿಡಿದು ಓಡಿಸಬೇಡಿ, ಮೊದಲ ಅರ್ಧ ಕಿಲೋಮೀಟರ್ ಅಂತರ ಇಟ್ಟುಕೊಳ್ಳಿ. ಐದಾರು ಕಿಲೋಮೀಟರ್ ಓಡಿದ ಮೇಲೂ ಶಬ್ದ ಹಾಗೇ ಇದ್ದರೆ ಮಾತ್ರ ತೋರಿಸಿ. ಆಗ ಅದು ಮೇಲ್ಪದರದ ತುಕ್ಕಲ್ಲ, ಬೇರೆ ಏನೋ.

ಪ್ರಶ್ನೆ: ನಾನು ಇರೋದು ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿ. ವರ್ಕ್ ಫ್ರಮ್ ಹೋಮ್, ಕಾರು ಹೊರಗೆ ಹೋಗೋದು ವಾರಕ್ಕೊಮ್ಮೆ. ಕಾರ್ ವಾಶ್ ಹುಡುಗ ದಿನಾ ಬೆಳಿಗ್ಗೆ ಒರೆಸಿ ಚಕ್ರಕ್ಕೂ ನೀರು ಹಾಕ್ತಾನೆ. ಈಗ ಸಿಗ್ನಲ್ ಹತ್ತಿರ ನಿಧಾನ ಮಾಡುವಾಗ ಬ್ರೇಕ್ ಪೆಡಲ್ ಕಾಲಿಗೆ ಒಂದೇ ಸಮ ತಟ್ಟಿದ ಹಾಗೆ ಆಗುತ್ತೆ. ಡಿಸ್ಕ್ ನೋಡಿದರೆ ಒಂದು ಕಡೆ ಪ್ಯಾಡಿನ ಆಕಾರದ ಕಪ್ಪು ಕಲೆ ಇದೆ.
(ಬನಶಂಕರಿಯ ಓದುಗರು)

ಉತ್ತರ: ಆ ಕಲೆಯನ್ನು ನೀವೇ ಗಮನಿಸಿದ್ದು ಒಳ್ಳೆಯದಾಯಿತು, ಎಷ್ಟೋ ಜನ ವೀಲ್ ಅಲೈನ್‌ಮೆಂಟು, ಬ್ಯಾಲೆನ್ಸಿಂಗು ಅಂತ ಸುಮ್ನೆ ದುಡ್ಡು ಕಳೆದುಕೊಳ್ಳುತ್ತಾರೆ. ಕಾರು ನಿಂತಾಗ ಪ್ಯಾಡು ಡಿಸ್ಕಿಗೆ ತಾಗಿಕೊಂಡೇ ಇರುತ್ತದೆ, ನಡುವೆ ಜಾಗ ಇಲ್ಲ ಅನ್ನುವಷ್ಟು ಕಡಿಮೆ. ಅಲ್ಲಿಗೆ ಹೋದ ನೀರು ಬೇಗ ಒಣಗುವುದಿಲ್ಲ. ಡಿಸ್ಕಿನ ಉಳಿದ ಭಾಗ ಗಾಳಿಗೆ ಒಣಗಿದರೂ ಪ್ಯಾಡಿನ ಅಡಿಯಲ್ಲಿ ತೇವ ಹಾಗೇ ಕೂತು ಅಷ್ಟೇ ಜಾಗದಲ್ಲಿ ತುಕ್ಕು ಆಳಕ್ಕೆ ಇಳಿಯುತ್ತದೆ. ಆಮೇಲೆ ಚಕ್ರ ಒಂದು ಸುತ್ತು ಬಂದಾಗಲೆಲ್ಲ ಆ ಕಲೆ ಪ್ಯಾಡಿನ ಅಡಿ ಹಾದು ಹೋಗುತ್ತದೆ, ನಿಮ್ಮ ಕಾಲಿಗೆ ಒಂದು ತಟ್ಟು ಬೀಳುತ್ತದೆ. ಡಿಸ್ಕಿನ ದಪ್ಪದಲ್ಲಿ ಒಂದು ಕಡೆಗೂ ಇನ್ನೊಂದು ಕಡೆಗೂ 0.02 ಮಿ.ಮೀ. ಆಸುಪಾಸು ವ್ಯತ್ಯಾಸ ಬಂದರೂ ಸಾಕು, ಪೆಡಲಿಗೆ ಗೊತ್ತಾಗುತ್ತದೆ.

ಮೊದಲು ಖರ್ಚಿಲ್ಲದ ದಾರಿ ನೋಡಿ. ಬೆಳಿಗ್ಗೆ ಬೇಗ, ರಸ್ತೆ ಖಾಲಿ ಇರುವಾಗ, ಹಿಂದೆ ಯಾರೂ ಇಲ್ಲ ಅಂತ ಕನ್ನಡಿಯಲ್ಲಿ ನೋಡಿಕೊಂಡು 60ರಿಂದ 20 ಕಿ.ಮೀ.ಗೆ ಹದವಾಗಿ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಮತ್ತೆ ವೇಗ ತಗೊಂಡು ಸ್ವಲ್ಪ ದೂರ ಬ್ರೇಕ್ ಮುಟ್ಟದೆ ಹೋಗಿ, ಡಿಸ್ಕ್ ಆರಲಿ. ಹೀಗೆ ಏಳೆಂಟು ಸಲ. ಹೊಸ ಕಲೆಯಾದರೆ ಬಹಳಷ್ಟು ಸಲ ಇಷ್ಟಕ್ಕೇ ಹೋಗುತ್ತದೆ. ಹೋಗದಿದ್ದರೆ ಮೆಕ್ಯಾನಿಕ್ ಹತ್ತಿರ ಡಿಸ್ಕ್ ಬಿಚ್ಚಿಸಿ ಲೇತ್‌ನಲ್ಲಿ ಸ್ಕಿಮ್ಮಿಂಗ್, ಅಂದರೆ ಮೇಲ್ಮೈಯನ್ನು ತೆಳುವಾಗಿ ಕೆತ್ತಿ ಸಮ ಮಾಡಿಸಬಹುದು, ದಪ್ಪ ಉಳಿದಿದ್ದರೆ ಮಾತ್ರ. ದಪ್ಪದ ಲೆಕ್ಕ ಮುಂದೆ ಹಾಸನದ ಪತ್ರದಲ್ಲಿ ಹೇಳಿದ್ದೇನೆ.

ಕಾರ್ ವಾಶ್ ಹುಡುಗನಿಗೆ ಬೈಯಬೇಡಿ, ಅವನಿಗೆ ಯಾರೂ ಹೇಳಿರುವುದಿಲ್ಲ. ಬಾಡಿ ಒರೆಸಪ್ಪ, ಚಕ್ರಕ್ಕೆ ನೀರು ಬೇಡ, ಅದನ್ನು ನಾನು ಹೊರಗೆ ಹೊರಡುವ ದಿನ ಮಾತ್ರ ತೊಳಿ ಅಂತ ಹೇಳಿ. ತೊಳೆದ ಕಾರು ಒಂದು ಸುತ್ತು ಹೋಗಿ ಬರಬೇಕು. ಬ್ರೇಕ್ ಬಿಸಿಯಾದರೆ ಪ್ಯಾಡಿನ ನಡುವಿನ ನೀರು ತಾನೇ ಆರುತ್ತದೆ. ಸರ್ವಿಸ್ ಸ್ಟೇಷನ್ನಿನಲ್ಲಿ ವಾಟರ್ ವಾಶ್ ಮಾಡಿಸಿ ನೇರ ತಂದು ವಾರಗಟ್ಟಲೆ ನಿಲ್ಲಿಸುವುದಕ್ಕಿಂತ ಕೊಳೆ ಕಾರನ್ನೇ ನಿಲ್ಲಿಸುವುದು ವಾಸಿ.

ಪ್ರಶ್ನೆ: ನಾವು ದುಬೈಯಲ್ಲಿರುವುದು. ಕಾರು ಊರಿನ ಮನೆಯ ಶೆಡ್ಡಿನಲ್ಲಿ. ಅಪ್ಪ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ಟು ಆಫ್ ಮಾಡುತ್ತಾರೆ. ಕಳೆದ ವರ್ಷ ಮಳೆ ಮುಗಿದು ರಜೆಗೆ ಬಂದಾಗ ಹಿಂದಿನ ಚಕ್ರ ತಿರುಗಲೇ ಇಲ್ಲ. ಮುಂದಿನ ಡಿಸ್ಕ್ ಪೂರ್ತಿ ಕಂದು ಬಣ್ಣ. ಈ ಸಲ ಹಾಗಾಗದಂತೆ ಏನು ಮಾಡಬಹುದು? ಹಾಗೇ ಆಗಿದ್ದರೆ ಓಡಿಸುವ ಮೊದಲು ಏನು ನೋಡಬೇಕು?
(ಕುಂದಾಪುರದ ಓದುಗರು, ಈಗ ದುಬೈ)

ಉತ್ತರ: ನಿಮ್ಮ ಪತ್ರಕ್ಕೆ ಉದ್ದ ಉತ್ತರ ಬೇಕು, ಏಕೆಂದರೆ ಕರಾವಳಿಯಲ್ಲಿ ಇಂಥ ಕಾರುಗಳು ಮನೆ ಮನೆಯಲ್ಲೂ ಇವೆ. ಮಕ್ಕಳು ಹೊರಗೆ, ಕಾರು ಶೆಡ್ಡಿನಲ್ಲಿ. ರಜೆಗೆ ಬಂದ ಮರುದಿನವೇ ಮನೆಮಂದಿಯೆಲ್ಲ ಹತ್ತಿಕೊಂಡು ಕೊಲ್ಲೂರಿಗೋ ಧರ್ಮಸ್ಥಳಕ್ಕೋ ಹೊರಡುತ್ತಾರೆ. ನನಗೆ ನಿಜಕ್ಕೂ ಹೆದರಿಕೆ ಆಗುವುದು ಆ ಮೊದಲ ಪ್ರಯಾಣದ ಬಗ್ಗೆ.

ಮೊದಲು ಹಿಂದಿನ ಚಕ್ರ. ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಹ್ಯಾಂಡ್ ಬ್ರೇಕ್ ಎಳೆದರೆ ಡ್ರಮ್ಮಿನೊಳಗೆ ಬ್ರೇಕ್ ಶೂ ಒತ್ತಿಕೊಂಡು ಕೂರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಗೇ ಬಿಟ್ಟರೆ ಶೂ ಮೇಲೆ ಅಂಟಿಸಿರುವ ಲೈನರ್‌ಗೂ (ಉಜ್ಜುವ ಪದರ) ಡ್ರಮ್ಮಿಗೂ ನಡುವೆ ತುಕ್ಕು ಬೆಳೆದು ಎರಡೂ ಅಂಟಿಕೊಳ್ಳುತ್ತವೆ. ಆಗ ಹ್ಯಾಂಡ್ ಬ್ರೇಕ್ ಇಳಿಸಿದರೂ ಚಕ್ರ ಬಿಡುವುದಿಲ್ಲ. ಮೊದಲ ಗೇರಿನಲ್ಲಿ ಸ್ವಲ್ಪ ಮುಂದೆ, ರಿವರ್ಸಿನಲ್ಲಿ ಸ್ವಲ್ಪ ಹಿಂದೆ, ನಿಧಾನವಾಗಿ ಆಡಿಸಿ. ಸಾಮಾನ್ಯವಾಗಿ ಟಕ್ ಅಂತ ಬಿಡುತ್ತದೆ. ಬಿಡದಿದ್ದರೆ ಆಕ್ಸಿಲರೇಟರ್ ತುಳಿದು ಎಳೆಯಬೇಡಿ. ಲೈನರ್ ಶೂನಿಂದ ಕಿತ್ತು ಬಂದರೆ ಡ್ರಮ್ಮಿನೊಳಗೆ ಸಿಕ್ಕಿಕೊಂಡು ಚಕ್ರವೇ ಜಾಮ್ ಆಗಬಹುದು. ಮೆಕ್ಯಾನಿಕ್ ಕರೆಸಿ, ಚಕ್ರ ಬಿಚ್ಚಿ ಡ್ರಮ್ಮಿನ ಸುತ್ತ ಹದವಾಗಿ ತಟ್ಟಿ ಬಿಡಿಸುತ್ತಾರೆ. ಒಳಗಿನ ಧೂಳು, ತುಕ್ಕಿನ ಪುಡಿ ಎಲ್ಲ ಹಾಗೇ ಕ್ಲೀನ್ ಮಾಡಿಸಿ. ಆ ಧೂಳನ್ನು ಬಾಯಲ್ಲಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ತೆಗೆಯಲಿ.

ಇನ್ನು ಮುಂದಿನ ಡಿಸ್ಕ್. ಹೊರಗಿನ ಮುಖ ನೋಡಿ ತೀರ್ಮಾನ ಮಾಡಬೇಡಿ. ಟಾರ್ಚ್ ಹಿಡಿದು ಕೂತು, ಸ್ಟಿಯರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ಚಕ್ರದ ಹಿಂದಿನಿಂದ ಡಿಸ್ಕಿನ ಒಳಮುಖ ನೋಡಿ. ಕಾರು ಸ್ವಲ್ಪ ಓಡಿಸಿ ಬಂದ ಮೇಲೆ ಇನ್ನೊಮ್ಮೆ ನೋಡಬೇಕು. ಎರಡೂ ಮುಖ, ಎಡ ಬಲ ಎರಡೂ ಚಕ್ರ, ಒಂದೇ ತರಹ ಬೆಳ್ಳಗಾಗಿದ್ದರೆ ಚಿಂತೆ ಬೇಡ. ಹೊರಗಿನ ಅಂಚಿನಲ್ಲಿ ಒಂದು ಕೆಂಪು ಗೆರೆ ಉಳಿಯುತ್ತದೆ, ಅಲ್ಲಿಗೆ ಪ್ಯಾಡ್ ತಾಗುವುದೇ ಇಲ್ಲ, ಅದು ಇರಲಿ. ಆದರೆ ಒಂದು ಮುಖ ಹೊಳೆಯುತ್ತಿದ್ದು ಇನ್ನೊಂದು ಮುಖ ಕಂದಾಗೇ ಉಳಿದಿದ್ದರೆ ಆ ಕಡೆಯ ಪ್ಯಾಡ್ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಜಾರಲು ಒಂದು ಪಿನ್ ಇರುತ್ತದೆ, ಅದರ ಗ್ರೀಸ್ ಒಣಗಿ, ರಬ್ಬರ್ ಬೂಟ್ ಹರಿದು ನೀರು ಹೋಗಿ ಪಿನ್ ಹಿಡಿದುಕೊಂಡಿರುತ್ತದೆ. ಇಲ್ಲವೇ ಪ್ಯಾಡನ್ನು ತಳ್ಳುವ ಪಿಸ್ಟನ್ ಹಿಡಿದಿರುತ್ತದೆ. ಕೆಂಪು ಡಿಸ್ಕಿಗಿಂತ ಇದು ನಿಜವಾದ ಅಪಾಯ, ಅರ್ಧ ಬ್ರೇಕಿನಲ್ಲಿ ಕಾರು ಓಡುತ್ತಿದೆ ಅಂತ ಲೆಕ್ಕ. ಪಿನ್ ಬಿಚ್ಚಿ, ಕ್ಲೀನ್ ಮಾಡಿ, ಬ್ರೇಕಿಗೆ ಅಂತಲೇ ಬರುವ ಗ್ರೀಸ್ ಹಾಕಿಸಿದರೆ ಸಾಕಾಗುತ್ತದೆ. ದೊಡ್ಡ ಖರ್ಚಿನ ಕೆಲಸವೂ ಅಲ್ಲ.

ಮೊದಲ ಸಲ ಹೊರಗೆ ತೆಗೆಯುವ ಮುಂಚೆ ಬ್ರೇಕ್ ಆಯಿಲ್ ಮಟ್ಟ ನೋಡಿ. ಈ ಆಯಿಲ್ ಗಾಳಿಯ ತೇವವನ್ನು ತಾನೇ ಎಳೆದುಕೊಳ್ಳುತ್ತದೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯಲ್ಲಿ ಕುದಿಯಬೇಕು ಅಂತ ಮಾನದಂಡ, ತೇವ ಹೀರಿದ ಮೇಲಿನ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ಘಾಟಿ ಇಳಿಯುವಾಗ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಕಾರು ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ನಿಂತ ಕಾರಿಗೆ ಬೇಡ ಅಂತ ಬಿಡುವವರೇ ಜಾಸ್ತಿ.

ಆಮೇಲೆ ಮನೆಯ ಅಂಗಳದಲ್ಲೇ, ನಡೆಯುವ ವೇಗದಲ್ಲಿ, ಬ್ರೇಕ್ ಹಿಡಿಯುತ್ತದಾ ನೋಡಿ. ಹಿಡಿದರೆ ಊರೊಳಗಿನ ಖಾಲಿ ರಸ್ತೆಯಲ್ಲಿ ಒಬ್ಬರೇ ಹೋಗಿ. ಮಕ್ಕಳನ್ನು ಹತ್ತಿಸಿಕೊಳ್ಳಬೇಡಿ. ಐದಾರು ಕಿಲೋಮೀಟರ್ ಓಡಿಸಿ ಬಂದು ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಂಭಾಗ ಹಿಡಿದು ನೋಡಿ, ಮುಟ್ಟಬೇಡಿ, ಬಿಸಿ ಹಾಗೇ ಗೊತ್ತಾಗುತ್ತದೆ. ಎಡಕ್ಕೂ ಬಲಕ್ಕೂ ಬಹಳ ವ್ಯತ್ಯಾಸ ಇದ್ದರೆ ಬಿಸಿ ಜಾಸ್ತಿ ಇರುವ ಕಡೆ ಬ್ರೇಕ್ ಪೂರ್ತಿ ಬಿಡುತ್ತಿಲ್ಲ. ಇಷ್ಟೆಲ್ಲ ಸರಿ ಇದ್ದರೆ ಕೊಲ್ಲೂರಿಗೆ ಹೊರಡಿ.

ಈ ವರ್ಷಕ್ಕೆ ಮುಂಜಾಗ್ರತೆ ಕೇಳಿದ್ದೀರಿ. ಹ್ಯಾಂಡ್ ಬ್ರೇಕ್ ಹಾಕಬೇಡಿ. ಮೊದಲ ಗೇರಿನಲ್ಲಿ ಬಿಟ್ಟು ಚಕ್ರದ ಹಿಂದೆ ಮುಂದೆ ಕಲ್ಲು ಕೊಡಿ. ಆಟೊಮ್ಯಾಟಿಕ್ ಆದರೆ ಪಿ, ಜೊತೆಗೆ ಕಲ್ಲು. ಶೆಡ್ಡಿನ ನೆಲ ಮಣ್ಣಿನದಾದರೆ ತೇವ ಕೆಳಗಿನಿಂದಲೇ ಏಳುತ್ತದೆ, ಆಗುವುದಾದರೆ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ. ಪ್ಲಾಸ್ಟಿಕ್ ತಾಡಪಾಲನ್ನು ನೆಲದವರೆಗೆ ಮುಚ್ಚಿದರೆ ಒಳಗೆ ಬೆವರು ಕಟ್ಟುತ್ತದೆ, ಅದಕ್ಕಿಂತ ಏನೂ ಮುಚ್ಚದಿರುವುದೇ ಒಳ್ಳೆಯದು. ಅಪ್ಪನಿಗೆ ಒಂದು ಮಾತು ಹೇಳಿ: ನಿಂತಲ್ಲೇ ಎಂಜಿನ್ ಓಡಿಸಿದರೆ ಬ್ರೇಕಿಗೆ ಏನೂ ಪ್ರಯೋಜನ ಇಲ್ಲ, ಚಕ್ರ ತಿರುಗಬೇಕು. ಅವರು ಈಗ ಓಡಿಸದಿದ್ದರೆ ಪರಿಚಯದ ಒಬ್ಬ ಡ್ರೈವರ್‌ಗೆ ಹೇಳಿ, ಹತ್ತು ಹದಿನೈದು ದಿನಕ್ಕೊಮ್ಮೆ ಮಳೆ ಬಿಟ್ಟಾಗ ಪೇಟೆಯವರೆಗೆ ಹೋಗಿ ಬರಲಿ. ಅವನಿಗೆ ಕೊಡುವ ಸಂಬಳ ಬ್ರೇಕಿನ ರಿಪೇರಿಗಿಂತ ಕಡಿಮೆಯೇ ಆಗುತ್ತದೆ, ಬ್ಯಾಟರಿ ಟೈರುಗಳಿಗೂ ಒಳ್ಳೆಯದು.

ಪ್ರಶ್ನೆ: ಸರ್ವಿಸ್‌ಗೆ ಬಿಟ್ಟಾಗ ಡಿಸ್ಕ್ ತುಕ್ಕು ಹಿಡಿದಿದೆ, ಎರಡೂ ಬದಲಿಸಬೇಕು, ಪ್ಯಾಡೂ ಹಾಕಬೇಕು ಅಂತ ಎಸ್ಟಿಮೇಟ್ ಕೊಟ್ಟಿದ್ದಾರೆ. ಬ್ರೇಕ್ ಚೆನ್ನಾಗೇ ಇದೆ. ನಾನು ನಿವೃತ್ತ ಮೇಷ್ಟ್ರು, ಇದು ನಿಜವೋ ಅಲ್ಲವೋ ಅಂತ ತಿಳಿಯುವುದು ಹೇಗೆ?
(ಹಾಸನದ ಓದುಗರು)

ಉತ್ತರ: ಮೇಷ್ಟ್ರೇ, ಅಳತೆ ಕೇಳಿ. ತುಕ್ಕು ಅನ್ನುವುದು ಬಣ್ಣ, ಬದಲಿಸಲು ಅದೊಂದೇ ಕಾರಣ ಆಗುವುದಿಲ್ಲ. ಪ್ರತಿ ಡಿಸ್ಕಿಗೂ ಇಷ್ಟಕ್ಕಿಂತ ತೆಳುವಾದರೆ ಬಳಸಬಾರದು ಅನ್ನುವ ಮಿತಿ ಇದೆ. ಸಾಮಾನ್ಯವಾಗಿ ಡಿಸ್ಕಿನ ಅಂಚಿನಲ್ಲೋ ನಡುವಿನ ಟೋಪಿಯಂಥ ಭಾಗದಲ್ಲೋ ಮಿನ್ ಟಿಎಚ್ (ಕನಿಷ್ಠ ದಪ್ಪ) ಅಂತ ಇಂಗ್ಲಿಷಿನಲ್ಲಿ ಕೆತ್ತಿ ಮಿಲಿಮೀಟರ್ ಬರೆದಿರುತ್ತಾರೆ. ವೈರ್ ಬ್ರಶ್‌ನಲ್ಲಿ ಉಜ್ಜಿದರೆ ಕಾಣುತ್ತದೆ. ಹೊಸದರಲ್ಲಿ 22 ಮಿ.ಮೀ. ಇರುವ ಡಿಸ್ಕಿಗೆ ಮಿತಿ 20 ಅಂತಿರಬಹುದು, ಸುಮಾರು ಎರಡು ಮಿಲಿಮೀಟರ್ ಸವೆಯಲು ಬಿಡುತ್ತಾರೆ. ಅಳೆದು ತೋರಿಸಿ ಅನ್ನಿ. ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ.

ಅಳೆಯುವಾಗ ಒಂದು ವಿಷಯ ಗಮನಿಸಿ. ಹೊರ ಅಂಚಿನಲ್ಲಿ ಸವೆಯದೆ ಉಳಿದ ದಿಬ್ಬ ಇರುತ್ತದೆ, ಅದರ ಮೇಲೆ ತುಕ್ಕೂ ಕಟ್ಟಿರುತ್ತದೆ. ಸಾದಾ ವರ್ನಿಯರ್ ಹಾಕಿದರೆ ಆ ದಿಬ್ಬವೇ ಸಿಕ್ಕಿ ಡಿಸ್ಕ್ ದಪ್ಪ ಇದೆ ಅಂತ ತೋರಿಸುತ್ತದೆ. ಮೈಕ್ರೋಮೀಟರ್ ಇಲ್ಲದಿದ್ದರೆ ಪ್ಯಾಡ್ ಉಜ್ಜುವ ಜಾಗದಲ್ಲಿ ಎರಡೂ ಕಡೆ ಒಂದೊಂದು ನಾಣ್ಯ ಇಟ್ಟು ಅಳೆದು, ಆ ಎರಡು ನಾಣ್ಯದ ದಪ್ಪ ಕಳೆಯಿರಿ. ಲೆಕ್ಕ ಸರಿಯಾಗಿ ಬರುತ್ತದೆ.

ದಪ್ಪ ಇದ್ದರೂ ಬದಲಿಸಲೇಬೇಕಾದ ಸಂದರ್ಭ ಉಂಟು. ಡಿಸ್ಕ್ ತಣ್ಣಗಿರುವಾಗ ನಡುವಿನಿಂದ ಹೊರಗಡೆಗೆ ಉಗುರು ಎಳೆಯಿರಿ. ಸಣ್ಣ ಗೆರೆಗಳು ಇದ್ದೇ ಇರುತ್ತವೆ. ಉಗುರು ಸಿಕ್ಕಿ ನಿಲ್ಲುವಷ್ಟು ಗುಂಡಿ ಬಿದ್ದಿದ್ದರೆ, ಪದರ ಪದರವಾಗಿ ಚಕ್ಕೆ ಏಳುತ್ತಿದ್ದರೆ, ಬಿರುಕು ಕಂಡರೆ, ಅವರು ಹೇಳಿದ್ದು ಸರಿ. ಆಗ ಚೌಕಾಸಿ ಮಾಡದೆ ಎರಡೂ ಕಡೆ ಒಟ್ಟಿಗೆ ಬದಲಿಸಿ, ಹೊಸ ಪ್ಯಾಡೂ ಹಾಕಿಸಿ. ಬದಲಿಸುವಾಗ ಡಿಸ್ಕ್ ಕೂರುವ ಹಬ್ಬಿನ, ಅಂದರೆ ಚಕ್ರದ ನಡುಭಾಗದ, ಮುಖವನ್ನು ಬ್ರಶ್ ಹಾಕಿ ಉಜ್ಜಲೇಬೇಕು. ಅಲ್ಲಿ ತುಕ್ಕಿನ ಒಂದು ಚೂರು ಉಳಿದರೂ ಹೊಸ ಡಿಸ್ಕ್ ಓರೆಯಾಗಿ ಕೂತು ಕೆಲವು ಸಾವಿರ ಕಿಲೋಮೀಟರಿಗೆ ನಡುಕ ಶುರುವಾಗುತ್ತದೆ. ಗಡಿಬಿಡಿಯಲ್ಲಿ ಬಿಟ್ಟುಬಿಡುವ ಕೆಲಸ ಇದೇ, ಪಕ್ಕದಲ್ಲಿ ನಿಂತು ನೋಡಿ. ಆಮೇಲೆ ಮೊದಲ 200–300 ಕಿ.ಮೀ. ಗಟ್ಟಿ ಬ್ರೇಕ್ ಬೇಡ, ಪ್ಯಾಡೂ ಡಿಸ್ಕೂ ಹೊಂದಿಕೊಳ್ಳಲಿ.

ಪ್ರಶ್ನೆ: ತುಕ್ಕು ಹಿಡಿಯದ ಹಾಗೆ ಡಿಸ್ಕಿಗೆ ಸ್ವಲ್ಪ ಎಣ್ಣೆ ಅಥವಾ ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಆಗುತ್ತಾ? ನಮ್ಮ ಮಾವ ಹಾಗೇ ಮಾಡಿ ಅಂತಾರೆ.
(ತೀರ್ಥಹಳ್ಳಿಯ ಓದುಗರು)

ಉತ್ತರ: ಬೇಡ. ದಯವಿಟ್ಟು ಬೇಡ. ಬ್ರೇಕ್ ಹಿಡಿಯುವುದೇ ಉಜ್ಜಾಟದಿಂದ, ಎಣ್ಣೆ ಹಾಕಿದರೆ ಅದೇ ಹೋಯಿತು. ಪ್ಯಾಡ್ ಎಣ್ಣೆ ಹೀರಿಕೊಂಡರೆ ಒರೆಸಿದರೂ ಹೋಗುವುದಿಲ್ಲ. ಒಂದು ಕಡೆ ಮಾತ್ರ ಎಣ್ಣೆ ಆಗಿದ್ದರೆ ಬ್ರೇಕ್ ಹಾಕಿದಾಗ ಕಾರು ಇನ್ನೊಂದು ಕಡೆಗೆ ಎಳೆಯುತ್ತದೆ. ಆಗುಂಬೆ ಘಾಟಿಯ ತಿರುವುಗಳು ನಿಮಗೆ ಗೊತ್ತೇ ಇವೆ. ಈಗಾಗಲೇ ಹೊಡೆದಿದ್ದರೆ ಕಾರು ಓಡಿಸಬೇಡಿ. ಡಿಸ್ಕನ್ನು ಬ್ರೇಕ್ ಕ್ಲೀನರ್‌ನಲ್ಲಿ ತೊಳೆಸಿ, ಪ್ಯಾಡ್ ಹೊಸದು ಹಾಕಿಸಿ. ಮಾವನಿಗೂ ಈ ಪುಟ ತೋರಿಸಿ.

ಪ್ರಶ್ನೆ: ಅಲಾಯ್ ವೀಲಿನ ಸಂದಿಯಿಂದ ಡಿಸ್ಕಿನ ನಡುವಿನ ಭಾಗ ಕೆಂಪಗೆ ಕಾಣುತ್ತದೆ, ಅಲ್ಲಿಗೆ ಪೇಂಟ್ ಹೊಡೆಯಬಹುದಾ?
(ದಾವಣಗೆರೆಯ ಓದುಗರು)

ಉತ್ತರ: ಹೊಡೆಯಬಹುದು. ಬಿಸಿ ತಡೆಯುವ ಪೇಂಟ್ ಬೇಕು, ಪ್ಯಾಡ್ ಉಜ್ಜುವ ಜಾಗಕ್ಕೆ ಟೇಪ್ ಹಚ್ಚಿ ಮುಚ್ಚಿರಬೇಕು. ನಟ್ ಕೂರುವ ಜಾಗ, ಚಕ್ರ ಕೂರುವ ಮುಖ ಎರಡಕ್ಕೂ ದಪ್ಪ ಪೇಂಟ್ ಬೇಡ. ಬಿಟ್ಟರೂ ತೊಂದರೆ ಏನಿಲ್ಲ, ನೋಡಲು ಅಷ್ಟೇ.

ಪ್ರಶ್ನೆ: ನಮ್ಮದು ಎಲೆಕ್ಟ್ರಿಕ್ ಕಾರು. ದಿನಾ ಓಡಿಸಿದರೂ ಡಿಸ್ಕ್ ಕೆಂಪು ಹೋಗುತ್ತಿಲ್ಲ. ಹಳೇ ಪೆಟ್ರೋಲ್ ಕಾರಿನಲ್ಲಿ ಹೀಗಿರಲಿಲ್ಲ.
(ಮೈಸೂರಿನ ಓದುಗರು)

ಉತ್ತರ: ನಿಮ್ಮ ಕಾರು ಬ್ರೇಕ್ ಪ್ಯಾಡನ್ನು ಬಳಸುತ್ತಿರುವುದೇ ಕಡಿಮೆ, ಅದಕ್ಕೆ. ಆಕ್ಸಿಲರೇಟರ್ ಬಿಟ್ಟ ತಕ್ಷಣ ಮೋಟಾರೇ ಜನರೇಟರ್ ತರಹ ಕೆಲಸ ಮಾಡಿ ವೇಗ ಇಳಿಸುತ್ತದೆ, ಕರೆಂಟು ಬ್ಯಾಟರಿಗೆ ವಾಪಸ್ ಹೋಗುತ್ತದೆ. ಪ್ಯಾಡಿಗೆ ಸಿಗುವುದು ಕೊನೆಯ ಸ್ವಲ್ಪ ಕೆಲಸ. ಹಾಗಾಗಿ ಕೆರೆದು ತೆಗೆಯುವವರೇ ಇಲ್ಲ. ಪ್ಯಾಡು ಬಹಳ ವರ್ಷ ಬಾಳುತ್ತದೆ ಅನ್ನುವುದು ಲಾಭ, ಆದರೆ ಸವೆಯದೇ ಇರುವ ಬ್ರೇಕು ತುಕ್ಕಿನಿಂದ ಹಾಳಾಗುವುದು ಈ ಕಾರುಗಳಲ್ಲಿ ನಿಜವಾದ ತೊಂದರೆ. ಫೋಕ್ಸ್‌ವ್ಯಾಗನ್ ತನ್ನ ಐಡಿ.3 ಕಾರಿನ ಹಿಂದಿನ ಚಕ್ರಕ್ಕೆ ಮತ್ತೆ ಡ್ರಮ್ ಬ್ರೇಕ್ ಹಾಕಿದ್ದಕ್ಕೆ ಇದೂ ಒಂದು ಕಾರಣ, ಡ್ರಮ್ಮಿನೊಳಗೆ ಮಳೆ ನೀರು ನೇರ ಬೀಳುವುದಿಲ್ಲ. ಯುರೋಪಿನಲ್ಲಿ 2024ರಲ್ಲಿ ಒಪ್ಪಿದ ವಾಹನ ಮಾಲಿನ್ಯದ ಯೂರೋ 7 ನಿಯಮದಲ್ಲಿ ಬ್ರೇಕಿನಿಂದ ಹಾರುವ ಧೂಳಿಗೂ ಮಿತಿ ಇದೆ. ಆ ಮಿತಿ ಮುಟ್ಟಲು ಗಟ್ಟಿ ಲೇಪನದ ಡಿಸ್ಕುಗಳು ಬರುತ್ತಿವೆ, ಅವು ತುಕ್ಕಿಗೂ ಚೆನ್ನಾಗಿ ತಡೆಯುತ್ತವೆ. ನಮ್ಮ ಮಾಮೂಲಿ ಕಾರುಗಳಿಗೆ ಅವು ಬರುವವರೆಗೆ ಕೈಯಲ್ಲಿರುವ ಉಪಾಯವನ್ನೇ ಮಾಡೋಣ.

ವಾರಕ್ಕೊಮ್ಮೆ, ಮಳೆಗಾಲದಲ್ಲಿ ಎರಡು ಸಲ, ರೀಜನ್ (ಮೋಟಾರೇ ವೇಗ ಇಳಿಸುವ ವ್ಯವಸ್ಥೆ) ಮಟ್ಟವನ್ನು ಸೊನ್ನೆಗೆ ಇಳಿಸಿ. ಸೊನ್ನೆ ಇಲ್ಲದ ಕಾರಾದರೆ ಎಲ್ಲಕ್ಕಿಂತ ಕಡಿಮೆ ಮಟ್ಟಕ್ಕೆ. ಮೈಸೂರಿನ ರಿಂಗ್ ರೋಡಿನಲ್ಲಿ ಬೆಳಿಗ್ಗೆ ಬೇಗ ಜಾಗ ಸಿಗುತ್ತದೆ, ಅಲ್ಲಿ ಏಳೆಂಟು ಸಲ ಸ್ವಲ್ಪ ಗಟ್ಟಿಯಾಗೇ ಬ್ರೇಕ್ ಹಿಡಿಯಿರಿ. ಕೆಲವು ಕಾರುಗಳಲ್ಲಿ ಸೊನ್ನೆ ಮಾಡಿದರೂ ಪೆಡಲ್ ಒತ್ತಿದಾಗ ಮೊದಲು ಮೋಟಾರೇ ಕೆಲಸ ಮಾಡುತ್ತದೆ. ಅಂಥದ್ದಾದರೆ ಬ್ಯಾಟರಿ ನೂರಕ್ಕೆ ನೂರು ಚಾರ್ಜ್ ಆದ ದಿನ ಇದನ್ನು ಮಾಡಿ. ತುಂಬಿದ ಬ್ಯಾಟರಿಗೆ ಕರೆಂಟು ಹಿಡಿಸಲು ಜಾಗ ಇಲ್ಲದ ಕಾರಣ ಕಾರು ತಾನಾಗೇ ಪ್ಯಾಡನ್ನು ಬಳಸುತ್ತದೆ. ವರ್ಷಕ್ಕೊಮ್ಮೆ ಸರ್ವಿಸ್‌ಗೆ ಬಿಟ್ಟಾಗ ಪ್ಯಾಡ್ ಎಷ್ಟು ಉಳಿದಿದೆ ಅಂತ ಮಾತ್ರ ಕೇಳಬೇಡಿ, ಕ್ಯಾಲಿಪರ್ ಪಿನ್ ಬಿಚ್ಚಿ ಗ್ರೀಸ್ ಹಾಕಿ ಅಂತ ಜಾಬ್ ಕಾರ್ಡಿನಲ್ಲಿ ಬರೆಸಿ. ನೀವು ಬರೆಸದಿದ್ದರೆ ಪ್ಯಾಡ್ ದಪ್ಪ ಇದೆ ಅಂತ ಟಿಕ್ ಹಾಕಿ ಬಿಡುವ ಸಾಧ್ಯತೆಯೇ ಜಾಸ್ತಿ.